ಎಷ್ಟ ದಿನಕ್ಕ ಬರ್ತೈತ್ರಿ?

ಹುಬ್ಬಿ ಮಳೆ ಹೊಯ್ದು ಹೊಳವಾದ ವಾರ. ಕೊಣ್ಣೂರಿನ ಸಂತೆಯ ಅಂಚಿನಲ್ಲಿ ಅಗಿ ಮಾರುವವ ಪ್ಲಾಸ್ಟಿಕ್ ಟ್ರೇಗಳನ್ನು ಸಾಲಾಗಿ ಹರವಿಕೊಂಡು ಕೂತಿದ್ದ. ಮೆಣಸಿನಕಾಯಿ, ಬದನಿ, ಹೂಕೋಸು, ಟಮಾಟಿ. ನನಗಿಂತ ಮುಂದೆ ನಿಂತಿದ್ದ ಹೆಣ್ಣುಮಗಳು ಹತ್ತು ಟಮಾಟಿ ಅಗಿ ಆರಿಸಿಕೊಂಡಳು. ಸೆರಗಿನ ಗಂಟು ಬಿಚ್ಚುವ ಮೊದಲು ಕೇಳಿದಳು:

"ಎಷ್ಟ ದಿನಕ್ಕ ಬರ್ತೈತ್ರಿ ಅಣ್ಣಾರ?"

"ಅರವತ್ತ ದಿನಾ ಹಿಡೀರಿ, ಅಕ್ಕಾರ."

"ಹ್ವಾದ ವರ್ಷಾನೂ ಹಿಂಗ ಅಂದಿದ್ರಿ. ಛಟ್ಟಿ ಅಮಾಸಿ ಮುಂದ ಕೆಂಪಾತು."

ಅವನು ನಕ್ಕ, ಅವಳೂ ನಕ್ಕಳು, ವ್ಯಾಪಾರ ಮುಗಿಯಿತು. ಬುಟ್ಟಿ ಹಿಡಿದು ಮನೆಗೆ ಬರುವಾಗ ನಾನು ಲೆಕ್ಕ ಹಾಕಿದೆ. ಇದೇ ಹೊತ್ತಿಗೆ ಹಚ್ಚಿದ ಅಗಿ ದೀಪಾವಳಿಗೆ ಕೆಂಪಾಗಬೇಕಿತ್ತು. ಛಟ್ಟಿ ಅಮಾವಾಸ್ಯೆಗೆ ತುಸು ಮುಂಚೆ ಅಂದರೆ ಹೆಚ್ಚುಕಡಿಮೆ ಇಪ್ಪತ್ತೈದು ದಿನ ತಡ. ಆ ಇಪ್ಪತ್ತೈದು ದಿನ ಎಲ್ಲಿ ಹೋದವು? ಅಗಿಯವ ಸುಳ್ಳು ಹೇಳಿದ ಅನ್ನಿಸಲಿಲ್ಲ. ಆಕೆಯೂ ಕಟ್ಟಿ ಹೇಳುವವಳಂತೆ ಕಾಣಲಿಲ್ಲ. ಬೇಗ ಹಣ್ಣಾಗುವ ತಳಿ ಯಾವುದು ಅಂತ ಹುಡುಕುವ ಮೊದಲು 'ಬೇಗ' ಅನ್ನುವುದು ಗಿಡದ ಯಾವ ಭಾಗದಲ್ಲಿ ಕೂತಿದೆ ಅಂತ ನೋಡುವುದು ಒಳ್ಳೆಯದು.

ಮೊದಲು ಕಾಗದದ ಲೆಕ್ಕ. ಪಾಕೀಟಿನ ಮೇಲಿನ ದಿನಗಳು ಬೀಜ ಊರಿದ ದಿನದಿಂದ ಶುರುವಾಗುವುದಿಲ್ಲ. ಅಗಿಯನ್ನು ಕಿತ್ತು ಮಡಿಗೆ ಹಚ್ಚಿದ ದಿನವೇ ಅಲ್ಲಿ ಸೊನ್ನೆ. ಬೀಜ ಮೊಳೆಯಲು ಐದಾರು ದಿನ, ಅಗಿ ಗೇಣುದ್ದ ಬೆಳೆಯಲು ಇಪ್ಪತ್ತೈದು ದಿನ. ಈ ಒಂದು ತಿಂಗಳು ಅಗಿ ಮಾರುವವನ ಖಾತೆಗೆ ಹೋಗುತ್ತದೆ, ನಮ್ಮ ಖಾತೆಗೆ ಬರುವುದಿಲ್ಲ. 2023ರ ಜುಲೈನಲ್ಲಿ ಟಮಾಟಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಈ ತಿಂಗಳನ್ನು ಮರೆತು ಬೀಜ ಊರಿದವರು ಬಹಳ ಮಂದಿ. ಅವರ ಗಿಡ ಕೆಂಪಾಗುವ ಹೊತ್ತಿಗೆ ಸೆಪ್ಟೆಂಬರ್ ದಾಟಿತ್ತು, ಮಾರುಕಟ್ಟೆಯಲ್ಲಿ ದರ ನೆಲ ಕಚ್ಚಿತ್ತು.

ಇನ್ನೊಂದು ಗೊಂದಲ ಸಂಸ್ಥೆಗಳ ಪಟ್ಟಿಯಿಂದ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತನ್ನ ಅರ್ಕಾ ವಿಕಾಸ್ ತಳಿಗೆ 105–110 ದಿನ, ಅರ್ಕಾ ರಕ್ಷಕ್‌ಗೆ 140 ದಿನ ಅನ್ನುತ್ತದೆ. ಇದನ್ನು ಓದಿ ರಕ್ಷಕ್ ತಡವಾಗಿ ಹಣ್ಣಾಗುತ್ತದೆ ಅಂದುಕೊಂಡರೆ ತಪ್ಪಾಗುತ್ತದೆ. ಅದು ಬೆಳೆಯ ಪೂರ್ತಿ ಆಯುಷ್ಯ, ಮೊದಲ ಹಣ್ಣಿನ ದಿನವಲ್ಲ. ನೂರನಲವತ್ತು ದಿನ ಅಂದರೆ ಅಲ್ಲಿಯವರೆಗೂ ಕೊಯ್ಯುತ್ತಲೇ ಇರಬಹುದು ಅಂತ ಅರ್ಥ.

ಇನ್ನು ಗಿಡಕ್ಕೆ ಬರೋಣ. ಬೆಳಗ್ಗೆ ನೀರು ಹಾಕುವಾಗ ಒಂದು ಟಮಾಟಿ ಗಿಡದ ಬುಡಕ್ಕೆ ಕೂತು ಎಲೆ ಎಣಿಸಿ. ಕೆಳಗೆ ಎದುರುಬದುರಾಗಿ ಇರುವ, ಅಂಚಿನಲ್ಲಿ ಕಚ್ಚಿಲ್ಲದ ಎರಡು ಉದ್ದನೆಯ ಎಲೆ ಬೀಜದೊಳಗಿಂದ ಬಂದವು, ಅವನ್ನು ಬಿಡಿ. ಅದರ ಮೇಲಿನ ಕಚ್ಚುಕಚ್ಚಾದ ಎಲೆಗಳನ್ನು ಒಂದೊಂದಾಗಿ ಎಣಿಸುತ್ತಾ ಮೇಲೆ ಹೋಗಿ. ಬೇಗ ಬರುವ ತಳಿಯಾದರೆ ಆರೇಳು ಎಲೆಯ ಮೇಲೆ ಮೊದಲ ಹೂಗೊಂಚಲು ಕಾಣುತ್ತದೆ. ತಡದ ತಳಿಯಲ್ಲಿ ಹತ್ತು, ಹನ್ನೊಂದು, ಕೆಲವೊಮ್ಮೆ ಅದಕ್ಕೂ ಹೆಚ್ಚು. ನನ್ನ ಹಿತ್ತಲಲ್ಲಿ ಕಳೆದ ಸಲ ಪೂಸಾ ರೂಬಿ ಏಳನೇ ಎಲೆಯ ಮೇಲೆ ಹೂ ತೋರಿಸಿತು. ಪಕ್ಕದ ಸಾಲಿನ ಹೆಸರಿಲ್ಲದ ಹೈಬ್ರಿಡ್ ಹತ್ತು ಎಲೆ ಬಿಡುವವರೆಗೂ ಸುಮ್ಮನಿತ್ತು. ಒಂದೊಂದು ಎಲೆಗೆ ಎರಡು ಮೂರು ದಿನ ಹಿಡಿದರೂ ವಾರಕ್ಕೆ ಮೇಲೆ ವ್ಯತ್ಯಾಸ ಇಲ್ಲಿಯೇ ಬಿತ್ತು.

ಆ ಗೊಂಚಲಿನ ಹತ್ತಿರ ಇನ್ನೂ ಸ್ವಲ್ಪ ನಿಲ್ಲಿ. ನೋಡಲು ಕಾಂಡ ನೆಟ್ಟಗೆ ಮೇಲೆ ಹೋಗಿದೆ, ಗೊಂಚಲು ಪಕ್ಕಕ್ಕೆ ಚಾಚಿದೆ. ಇದು ಕಣ್ಕಟ್ಟು. ಕಾಂಡದ ತುದಿ ಅಲ್ಲಿಗೆ ಮುಗಿದಿದೆ, ಗೊಂಚಲೇ ಆ ತುದಿ. ಗೊಂಚಲಿನ ಕೆಳಗಿನ ಎಲೆಯ ಕಂಕುಳಲ್ಲಿದ್ದ ಮೊಗ್ಗು ಹುರುಪಿನಿಂದ ಎದ್ದು, ಗೊಂಚಲನ್ನು ಬದಿಗೆ ದೂಡಿ, ತಾನೇ ಕಾಂಡವಾಗಿ ಮುಂದುವರಿದಿದೆ. ಅದು ಮೂರು ಎಲೆ ಬಿಟ್ಟು ಮತ್ತೊಂದು ಗೊಂಚಲಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಮತ್ತೊಂದು ಕಂಕುಳ ಮೊಗ್ಗು. ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವರು ನಾಲ್ಕು ಹೆಜ್ಜೆಗೆ ಹೆಗಲು ಬದಲಿಸಿದರೂ ದೂರದಿಂದ ನೋಡುವವರಿಗೆ ಪಲ್ಲಕ್ಕಿ ಒಂದೇ ಓಟದಲ್ಲಿ ಬಂದಂತೆ ಕಾಣುತ್ತದಲ್ಲ, ಹಾಗೆ. ನಾವು ಒಂದೇ ಕಾಂಡ ಅಂತ ಹಗ್ಗ ಕಟ್ಟಿ ಎತ್ತುವುದು ಹತ್ತು ಹದಿನೈದು ಕೊಂಬೆಗಳು ಒಂದರ ಮೇಲೊಂದು ನಿಂತ ಸಾಲು. ಕೆಲವು ಕಡೆ ಟಮಾಟಿಗೆ ಚಪ್ಪರಬದನೆ ಅನ್ನುವ ಹೆಸರಿತ್ತು. ಹೆಸರಿಟ್ಟವರು ಗಿಡವನ್ನು ಸರಿಯಾಗಿಯೇ ನೋಡಿದ್ದರು: ಬದನೆಯ ಬಂಧು, ಆದರೆ ಆಸರೆ ಕೊಟ್ಟಷ್ಟೂ ಹಬ್ಬುವಂಥದ್ದು.

1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹಬ್ಬಲು ಒಲ್ಲದ ಗಿಡವೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಗೊಂಚಲುಗಳ ನಡುವಿನ ಎಲೆ ಮೂರರಿಂದ ಎರಡಕ್ಕೆ, ಒಂದಕ್ಕೆ ಇಳಿದು ಕೊನೆಗೆ ಎಲೆಯೇ ಇಲ್ಲದೆ ಗೊಂಚಲ ಬೆನ್ನಿಗೆ ಗೊಂಚಲು ಬಂದು ಬೆಳವಣಿಗೆ ನಿಂತಿತು. ತನ್ನನ್ನು ತಾನೇ ಸವರಿಕೊಳ್ಳುವ ಗಿಡ ಅನ್ನುವ ಅರ್ಥದಲ್ಲಿ ಆ ಜೀನ್‌ಗೆ 'ಸೆಲ್ಫ್ ಪ್ರೂನಿಂಗ್' ಎಂದು ಹೆಸರಾಯಿತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜ್ಯಾಕ್ ಹ್ಯಾನಾ ಯಂತ್ರದಿಂದ ಒಮ್ಮೆಲೆ ಕೊಯ್ಯಬಲ್ಲ ಟಮಾಟಿ ರೂಪಿಸಿದಾಗ ಬುನಾದಿಯಾದದ್ದು ಇದೇ ಗುಣ. ನಮ್ಮ ಹೊಲಗಳಲ್ಲಿರುವ ಗಿಡ್ಡ ತಳಿಗಳೂ ಇದೇ ವಂಶದವು. ಮನೆಯವರಿಗೆ ಇದರ ಅರ್ಥ ಸರಳ. ಗಿಡ್ಡ ಜಾತಿ ಬೇಗ ಕೊಡುತ್ತದೆ, ಬೇಗ ಮುಗಿಯುತ್ತದೆ. ನಾಲ್ಕು ವಾರ ಬುಟ್ಟಿಗಟ್ಟಲೆ, ಆಮೇಲೆ ಬರಿ ಕಡ್ಡಿ.

ಎಲೆ ಸಾಕು, ಇನ್ನು ಹೂವು ಅಂತ ತುದಿಗೆ ಹೇಳುವವರು ಯಾರು? 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಾಖ್ಯಾನ್ ಎಲೆಯಲ್ಲಿ ಹುಟ್ಟಿ ತುದಿಗೆ ಹರಿಯುವ ಒಂದು ಸಂದೇಶವಿರಬೇಕು ಅಂತ ಊಹಿಸಿ ಅದಕ್ಕೆ 'ಫ್ಲೋರಿಜೆನ್' ಅಂದರು. ಕೈಗೆ ಸಿಗಲು ಎಪ್ಪತ್ತು ವರ್ಷ ಬೇಕಾಯಿತು. ಅದೊಂದು ಪುಟ್ಟ ಪ್ರೋಟೀನು. ಅದರದೇ ಕುಲದ ಇನ್ನೊಂದು ಪ್ರೋಟೀನು ಅದಕ್ಕೆ ಎದುರಾಳಿ. ಫ್ಲಾರಿಡಾದ ಗಿಡದಲ್ಲಿ ಕೆಟ್ಟಿದ್ದು ಈ ಎದುರಾಳಿಯ ಜೀನ್. ಒಂದು 'ಹೂಬಿಡು' ಅನ್ನುತ್ತದೆ, ಇನ್ನೊಂದು 'ತಡಿ, ಇನ್ನೊಂದೆಲೆ ಆಗಲಿ' ಅನ್ನುತ್ತದೆ. ಅತ್ತೆ ಸೊಸೆ ಜಗಳದಂತೆ ಇದರಲ್ಲೂ ಯಾರ ದನಿ ಜೋರೋ ಆವತ್ತು ಅವರದೇ ನಡೆಯುತ್ತದೆ.

ಇದೇ ಕುಟುಂಬದ ಮೂರನೆಯ ಜೀನ್‌ನ ಕತೆ ಕೊಣ್ಣೂರಿಗೆ ನೇರ ಸಂಬಂಧಿಸಿದ್ದು. ಟಮಾಟಿಯ ಕಾಡು ಬಂಧುಗಳ ನೆಲೆ ಪೆರು, ಎಕ್ವಡಾರ್, ಗಲಾಪಗೋಸ್, ಅಂದರೆ ಭೂಮಧ್ಯರೇಖೆಯ ಆಸುಪಾಸು. ಅಲ್ಲಿ ವರ್ಷವಿಡೀ ಹಗಲು ಸುಮಾರು ಹನ್ನೆರಡು ಗಂಟೆ. ಅಂಥ ಗಿಡವನ್ನು ಯುರೋಪಿನ ಹದಿನಾರು ಗಂಟೆ ಬೇಸಿಗೆ ಹಗಲಿಗೆ ಒಯ್ದರೆ ಹೂ ತಡವಾಗುತ್ತದೆ. ಊರಿಂದೂರಿಗೆ ಸಾಗುತ್ತಾ ಪಳಗಿದ ಟಮಾಟಿಯಲ್ಲಿ ಹೀಗೆ ತಡೆಯುವ ಜೀನ್ ಸಪ್ಪಗಾಗಿದೆ ಎಂದು 2017ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಜ್ಯಾಕರಿ ಲಿಪ್‌ಮನ್ ತಂಡ ತೋರಿಸಿತು. ಉಳಿದಿದ್ದ ಅಷ್ಟಿಷ್ಟನ್ನೂ ಕ್ರಿಸ್ಪರ್ ಕತ್ತರಿಯಿಂದ ತೆಗೆದಾಗ ಗಿಡ ಇನ್ನೂ ಬೇಗ ಹೂಬಿಟ್ಟು ಹಣ್ಣು ಕೊಟ್ಟಿತು. ಒಳ್ಳೆಯ ಸುದ್ದಿಯೇ. ಆದರೆ ನಮ್ಮ ಊರು ಇರುವುದು ಹದಿನಾರು ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ದೊಡ್ಡ ಹಗಲು ಹದಿಮೂರು ಗಂಟೆ, ಅತಿ ಸಣ್ಣದು ಹನ್ನೊಂದು ಚಿಲ್ಲರೆ. ದೀಪಾವಳಿ ಹೊತ್ತಿನ ಕೊಣ್ಣೂರಿನ ಹಗಲು ಗಲಾಪಗೋಸ್‌ನ ಕಾಡು ಟಮಾಟಿಗೂ ಉದ್ದ ಅನ್ನಿಸಲಾರದು.

ಹೊರದೇಶದ ಪಟ್ಟಿಗಳನ್ನು ನೋಡಿ ಆಸೆಪಡುವವರಿಗೆ ಇದನ್ನು ಹೇಳಬೇಕು. ಕೆನಡಾದ ಬೀವರ್‌ಲಾಜ್ ಕೇಂದ್ರದ ಸಬ್ ಆರ್ಕ್‌ಟಿಕ್ ಪ್ಲೆಂಟಿ, ಚೆಕ್ ನಾಡಿನ ಸ್ಟೂಪಿಟ್ಸೆ, 1975ರಿಂದ ಅಮೆರಿಕದ ಮನೆಮನೆಯಲ್ಲಿರುವ ಅರ್ಲಿ ಗರ್ಲ್, ಇವೆಲ್ಲ ಐವತ್ತು ಅರವತ್ತು ದಿನದ ತಳಿಗಳೆಂದು ಹೆಸರಾದವು. ಅವುಗಳ ಅವಸರಕ್ಕೆ ಕಾರಣ ಹಿಮ. ಬಿತ್ತುವಾಗಲೂ ಚಳಿ, ಕೊಯ್ಯುವಾಗಲೂ ಚಳಿ, ನಡುವೆ ಮೂರು ತಿಂಗಳ ಬಿಡುವು. ಗಿಡ ನಮ್ಮಂತೆ ಗೋಡೆಯ ಕ್ಯಾಲೆಂಡರ್ ನೋಡುವುದಿಲ್ಲ, ಬಿಸಿಲನ್ನು ಕೂಡಿಸುತ್ತದೆ. ಹತ್ತು ಡಿಗ್ರಿಗಿಂತ ಮೇಲಿನ ಸೆಖೆ ಮಾತ್ರ ಅದರ ಜಮೆ. ದಿನದ ಸರಾಸರಿ ಹದಿನಾರು ಡಿಗ್ರಿ ಇರುವ ಊರಲ್ಲಿ ದಿನಕ್ಕೆ ಆರು ಜಮೆಯಾದರೆ, ಸರಾಸರಿ ಇಪ್ಪತ್ನಾಲ್ಕು ಇರುವ ನಮ್ಮ ಅಕ್ಟೋಬರ್‌ನಲ್ಲಿ ಹದಿನಾಲ್ಕು. ಚಳಿಯಲ್ಲೂ ಕಾಯಿ ಕಟ್ಟುವ ಕಲೆ ಇಲ್ಲಿ ಉಪಯೋಗಕ್ಕೆ ಬಾರದ ಪದವಿ. ರಾತ್ರಿ ಎಂಟು ಡಿಗ್ರಿಗೆ ಇಳಿದರೂ ಕಾಯಿ ಹಿಡಿಯುವ ಪೂಸಾ ಶೀತಲ್‌ನಂಥ ತಳಿ ದಿಲ್ಲಿಗೆ ಬೇಕು, ಕೊಣ್ಣೂರಿಗೆ ಬೇಡ.

ಕೊಣ್ಣೂರಿನ ಶತ್ರು ಬೇರೆ. ಜೂನ್‌ನಲ್ಲಿ ಹಚ್ಚಿದರೆ ಮೋಡ, ತೇವ, ಎಲೆಯ ಮೇಲೆ ಸುತ್ತುಸುತ್ತಾಗಿ ಹಬ್ಬುವ ಅಂಗಮಾರಿ. ಎರೆ ಭೂಮಿಯಾದರಂತೂ ಬೇರು ನೀರಲ್ಲಿ ನಿಂತು ಗಿಡ ತಿಂಗಳುಗಟ್ಟಲೆ ಮುನಿಸಿಕೊಂಡು ಕೂರುತ್ತದೆ. ಘಟಪ್ರಭೆ ತುಂಬಿ ಬಂದ 2019ರ ಆಗಸ್ಟ್‌ನಂಥ ವರ್ಷದಲ್ಲಿ ಹಿತ್ತಲಿನ ಮಾತೇ ಇಲ್ಲ. ಜನವರಿ ಕೊನೆಗೆ ಹಚ್ಚಿದರೆ ಹೂವು ಮಾರ್ಚ್‌ನಲ್ಲಿ, ಕಾಯಿ ಏಪ್ರಿಲ್‌ನಲ್ಲಿ. ಹಗಲು 35 ಡಿಗ್ರಿ ದಾಟಿದರೆ, ರಾತ್ರಿಯೂ ತಣಿಯದಿದ್ದರೆ ಪರಾಗ ಸತ್ತು ಹೂವು ತೊಟ್ಟಿನ ಗಂಟಿನಲ್ಲಿ ಕಳಚಿ ಬೀಳುತ್ತದೆ. ಹಾಗಾಗಿ ನಮಗೆ ಒಳ್ಳೆಯ ಕಿಟಕಿ ಒಂದೇ: ಹುಬ್ಬಿ, ಉತ್ತರಿ ಮಳೆಗಳ ನಡುವೆ ಅಗಿ ಹಚ್ಚಿದರೆ ಹಸ್ತ, ಚಿತ್ತಿ ಮಳೆಯಲ್ಲಿ ಹೂವು, ಸ್ವಾತಿ ಕಳೆದ ಮೇಲೆ ಒಣ ಹವೆಯಲ್ಲಿ ಹಣ್ಣು. ಈ ಕಿಟಕಿಯಲ್ಲಿ ಬೇಗದ ತಳಿಗೂ ನಡುತಳಿಗೂ ಅಂತರ ಹತ್ತು ಹನ್ನೆರಡು ದಿನ. ಕಿಟಕಿ ತಪ್ಪಿದರೆ ಯಾವ ತಳಿಯೂ ಉಳಿಸಿಕೊಡದು.

ಹಾಗಾದರೆ ನನ್ನ ಆಯ್ಕೆ? ಮನೆಮಟ್ಟಿಗೆ ಮೊದಲ ಸ್ಥಾನ ಈಗಲೂ ಪೂಸಾ ರೂಬಿಗೆ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಅಮೆರಿಕದ ಸೂ ಎಂಬ ತಳಿಯನ್ನು ನಮ್ಮ ಇಂಪ್ರೂವ್ಡ್ ಮೇರುತಿಯೊಂದಿಗೆ ಬೆರೆಸಿ ಮಾಡಿದ್ದು. ಹಚ್ಚಿದ 60–65 ದಿನಕ್ಕೆ ಮೊದಲ ಹಣ್ಣು. ಹಣ್ಣು ಚಪ್ಪಟೆ, ಮೈಮೇಲೆ ಸಣ್ಣ ಏಣು, ಸಿಪ್ಪೆ ತೆಳು, ಹುಳಿ ಚೆನ್ನಾಗಿದೆ. ಸಂತೆಯಲ್ಲಿ ಜವಾರಿ ಅಂತ ಮಾರುವ ಹಣ್ಣನ್ನು ಅದರ ಪಕ್ಕ ಇಟ್ಟರೆ ಎಷ್ಟೋ ಸಲ ಅಣ್ಣತಮ್ಮಂದಿರಂತೆ ಕಾಣುತ್ತವೆ. ಗಾಡಿಯಲ್ಲಿ ದೂರ ಸಾಗಿಸಲು ಬಾರದು ಅನ್ನುವುದೇ ಅದರ ದೋಷ. ಹಿತ್ತಲಿಂದ ಅಡಿಗೆಮನೆಗೆ ಇಪ್ಪತ್ತು ಹೆಜ್ಜೆ ಇರುವವರಿಗೆ ಅದು ದೋಷವೇ ಅಲ್ಲ. ಅದಕ್ಕಿಂತ ನಾಲ್ಕೈದು ದಿನ ಮುಂಚೆ ಬರುವುದು ಪೂಸಾ ಅರ್ಲಿ ಡ್ವಾರ್ಫ್. ಕುಂಡಕ್ಕೆ ಒಳ್ಳೆಯದು, ಆದರೆ ರುಚಿಯಲ್ಲಿ ಅಣ್ಣನ ಸಮ ಅಲ್ಲ. ಇದಕ್ಕೆ ಕಾರಣ ಎಲೆಯ ಲೆಕ್ಕದಲ್ಲೇ ಇದೆ: ಹಣ್ಣಿನ ಸಕ್ಕರೆ ಎಲೆಯಲ್ಲಿ ತಯಾರಾಗಬೇಕು, ಎಲೆ ಕಡಿಮೆ ಮಾಡಿಕೊಂಡ ಗಿಡ ಎಲ್ಲಿಂದ ತಂದು ಸುರಿದೀತು?

ಅರ್ಕಾ ವಿಕಾಸ್ ಸ್ವಲ್ಪ ತಡ, ಆದರೆ ನೀರು ಹಾಕಲು ಮರೆಯುವವರಿಗೆ ಹೇಳಿ ಮಾಡಿಸಿದ್ದು. 80–90 ಗ್ರಾಂ ತೂಗುತ್ತದೆ, ಹೆಗಲ ಮೇಲಿನ ತಿಳಿಹಸಿರು ಹಣ್ಣಾಗುವಾಗ ಕಡುಗೆಂಪಿನಲ್ಲಿ ಕರಗುತ್ತದೆ. ಎಲೆ ಮುಟುರು ರೋಗದ ಕಾಟ ಇರುವ ಓಣಿಯಾದರೆ ನಾನು ಬೇಗದ ಆಸೆ ಬಿಟ್ಟು ಅರ್ಕಾ ರಕ್ಷಕ್ ಹಚ್ಚುತ್ತೇನೆ. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಗಿಡ ಬರುವುದಿಲ್ಲ, ಅಷ್ಟೆ. ಬೀಜ ಎತ್ತಿಡಬೇಕು, ಮುಟುರು ರೋಗವೂ ಬರಬಾರದು ಅನ್ನುವವರಿಗಾಗಿಯೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಂದಿ, ಸಂಕ್ರಾಂತಿ, ವೈಭವ್ ಎಂಬ ತಳಿಗಳನ್ನು ಬಿಟ್ಟಿತ್ತು. ಇಂಥ ಬೀಜ ಎಲ್ಲಿ ಸಿಕ್ಕೀತು ಅಂತ ವಿಚಾರಿಸಲು ನಮಗೆ ಹತ್ತಿರದ ಬಾಗಿಲು ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ.

ಮುಟುರು ರೋಗದ ವಿಷಯದಲ್ಲಿ ಒಂದು ಮಾತು. ಇದನ್ನು ತರುವುದು ಬಿಳಿ ನೊಣ. ಹಚ್ಚಿದ ಮೊದಲ ತಿಂಗಳಲ್ಲಿ ರೋಗ ತಗುಲಿದರೆ ಗಿಡ ಕೈಬಿಟ್ಟಂತೆ. ತುದಿ ಮುದುಡಿ, ಎಲೆ ಹಳದಿಯಾಗಿ ಬಟ್ಟಲಿನಂತೆ ಮಡಚಿ, ಹೂ ಉದುರುತ್ತದೆ. ಕಾಯಿ ಕಟ್ಟಿದ ಮೇಲೆ ತಗುಲಿದರೆ ನಷ್ಟ ಅಷ್ಟಿಲ್ಲ. ಆದ್ದರಿಂದ ಅಗಿಯ ತಟ್ಟೆಯ ಮೇಲೆ ಒತ್ತಾದ ನೈಲಾನ್ ಬಲೆ ಹೊದಿಸುವುದು ಬೇಗದ ತಳಿ ತರುವುದಕ್ಕಿಂತ ಹೆಚ್ಚು ದಿನ ಉಳಿಸುತ್ತದೆ. ಸೊಳ್ಳೆ ಪರದೆಯ ಕಣ್ಣು ಇದಕ್ಕೆ ದೊಡ್ಡದಾಯಿತು, ಬಿಳಿ ನೊಣ ಸಲೀಸಾಗಿ ಒಳಗೆ ಹೋಗುತ್ತದೆ.

ಈಗ ಆ ಇಪ್ಪತ್ತೈದು ದಿನದ ಹುಡುಕಾಟ ಮುಂದುವರಿಸೋಣ. ಹೂವು ಬಂತು ಅಂದಮಾತ್ರಕ್ಕೆ ಕಾಯಿ ಬಂತು ಅಂತಲ್ಲ. ಟಮಾಟಿ ಹೂವಿನಲ್ಲಿ ಪರಾಗದ ಚೀಲಗಳು ಅಂಟಿಕೊಂಡು ಹಳದಿ ಕೊಳವೆಯಾಗಿರುತ್ತವೆ. ಪುಡಿ ಒಳಗಿರುತ್ತದೆ, ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಜೇನುಹುಳಕ್ಕೆ ಈ ವಿದ್ಯೆ ಗೊತ್ತಿಲ್ಲ. ಹೂವನ್ನು ಕಚ್ಚಿ ಹಿಡಿದು ಮೈ ಝುಮ್ಮೆನ್ನಿಸುವ ಕರಿ ದುಂಬಿಗೆ, ಹೊಟ್ಟೆಗೆ ನೀಲಿ ಪಟ್ಟೆಯಿರುವ ಸಣ್ಣ ಹುಳಕ್ಕೆ ಗೊತ್ತು. ಗಾಳಿಯೂ ಅರ್ಧ ಕೆಲಸ ಮಾಡುತ್ತದೆ. ನಾಲ್ಕೂ ಕಡೆ ಗೋಡೆಯಿರುವ ಹಿತ್ತಲಲ್ಲಿ ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ಬೆಳಗ್ಗೆ ಒಂಬತ್ತು ಹತ್ತರ ನಡುವೆ ಗೊಂಚಲಿನ ತೊಟ್ಟಿಗೆ ಬೆರಳಿಂದ ಎರಡು ಏಟು ಕೊಟ್ಟರೆ ಸಾಕು. ಕಪ್ಪು ಬಟ್ಟೆ ಕೆಳಗೆ ಹಿಡಿದು ನೋಡಿ, ಹಿಟ್ಟಿನಂಥ ಪುಡಿ ಬಿದ್ದದ್ದು ಕಾಣುತ್ತದೆ. ಇದಕ್ಕಿಂತ ಕೆಟ್ಟದ್ದು ಯೂರಿಯಾ. ಕಬ್ಬಿಗೆ ತಂದ ಚೀಲದಲ್ಲಿ ಉಳಿದ ಒಂದು ಮುಷ್ಟಿಯನ್ನು ಹಿತ್ತಲ ಟಮಾಟಿಗೆ ಎರಚುವ ಪದ್ಧತಿ ನಮ್ಮಲ್ಲಿದೆ. ಗಿಡ ಕಡುಹಸಿರಾಗಿ ಆಳೆತ್ತರ ಬೆಳೆಯುತ್ತದೆ, ಮೊದಲ ಗೊಂಚಲು ಉದುರಿಸುತ್ತದೆ. ಎರಡನೆಯದಕ್ಕೆ ಮತ್ತೆ ಮೂರೆಲೆ ಕಾಯಬೇಕು. ಹತ್ತು ದಿನ ಹೋಯಿತು.

ಕಾಯಿ ಕಟ್ಟಿದ ಮೇಲಿನ ಆತುರಕ್ಕೆ ಮದ್ದಿಲ್ಲ. ಮೊದಲ ಎರಡು ವಾರ ಕಾಯಿಯೊಳಗೆ ಕೋಶಗಳ ಸಂಖ್ಯೆ ಹೆಚ್ಚುತ್ತದೆ. ಆಮೇಲೆ ಮೂರರಿಂದ ಐದು ವಾರ ಅವೇ ಕೋಶಗಳು ನೀರು, ಸಕ್ಕರೆ ತುಂಬಿಕೊಂಡು ಉಬ್ಬುತ್ತವೆ. ಕಾಯಿ ಸಣ್ಣದಾದಷ್ಟೂ ಈ ಉಬ್ಬುವ ಕಾಲ ಕಡಿಮೆ. ಚೆರಿ ಟಮಾಟಿ ಎಲ್ಲರಿಗಿಂತ ಮೊದಲು ಕೆಂಪಾಗುವುದು ಇದೇ ಕಾರಣಕ್ಕೆ. ಮಕ್ಕಳಿರುವ ಮನೆಗೆ ಎರಡು ಚೆರಿ ಗಿಡ ಇರಲಿ, ದೊಡ್ಡ ಹಣ್ಣು ಬರುವವರೆಗೆ ಗಲಾಟೆ ತಪ್ಪುತ್ತದೆ. ಸಂತೆಯಲ್ಲಿ ಅಗಿ ಕೊಂಡ ಆಕೆಗೆ ಹೋದ ವರ್ಷ ಸಿಕ್ಕಿದ್ದು ದಪ್ಪ ಹಣ್ಣಿನ, ಲಾರಿಗೆಂದು ಮಾಡಿದ ಹೈಬ್ರಿಡ್ ಇರಬೇಕು ಅನ್ನುವುದು ನನ್ನ ಅಂದಾಜು. ಹೂವಿನಲ್ಲಿ ವಾರಕ್ಕೆ ಮೇಲೆ, ಉದುರಿದ ಗೊಂಚಲಿಗೆ ಹತ್ತು ದಿನ, ಕಾಯಿಯ ಗಾತ್ರಕ್ಕೆ ಇನ್ನೊಂದು ವಾರ. ಲೆಕ್ಕ ಕೂಡಿತು.

ಕೊನೆಯ ವಾರ ಬಣ್ಣದ್ದು. ಕಾಯಿಯ ತಳದಲ್ಲಿ ರೂಪಾಯಿಯಗಲ ತಿಳಿಗೆಂಪು ಮೂಡಿತೆಂದರೆ ಒಳಗೆ ಎಥಿಲೀನ್ ಅನಿಲ ಏಳತೊಡಗಿದೆ. ಇನ್ನು ಹಣ್ಣಿಗೆ ಗಿಡ ಬೇಕಾಗಿಲ್ಲ, ಕಿತ್ತಿಟ್ಟರೂ ಕೆಂಪಾಗುತ್ತದೆ. ಅವಸರವಾದರೆ ಪಕ್ಕದಲ್ಲಿ ಹಣ್ಣಾದ ಬಾಳೆ ಇಡಿ, ಅದೂ ಅದೇ ಅನಿಲ ಬಿಡುತ್ತದೆ. ಬೇಸಿಗೆಯಲ್ಲಿ ಹೀಗೆ ಒಳಗೆ ತಂದಿಡುವುದೇ ಜಾಣತನ. ಕೆಂಪು ಕೊಡುವ ಲೈಕೋಪೀನ್ 20–25 ಡಿಗ್ರಿಯಲ್ಲಿ ಚೆನ್ನಾಗಿ ಕೂಡುತ್ತದೆ, 30 ದಾಟಿದರೆ ಅದರ ತಯಾರಿ ಕುಂಟುತ್ತದೆ. ಹಳದಿಯ ಕೆರೊಟಿನ್ ಮಾತ್ರ ನಡೆದೇ ಇರುತ್ತದೆ. ಏಪ್ರಿಲ್ ಬಿಸಿಲಿನ ಹಣ್ಣು ಎಷ್ಟು ದಿನ ಕಾದರೂ ಕಾವಿ ಬಣ್ಣದಲ್ಲೇ ನಿಲ್ಲುವುದು ಇದರಿಂದ. ಫ್ರಿಜ್ಜಿಗೆ ಹಾಕುವುದಂತೂ ಬೇಡ. ಐದು ಡಿಗ್ರಿ ಚಳಿಯಲ್ಲಿ ಇಟ್ಟರೆ ಪರಿಮಳ ಕೊಡುವ ಜೀನ್‌ಗಳೇ ಬಾಯಿಮುಚ್ಚುತ್ತವೆ ಎಂದು ಫ್ಲಾರಿಡಾ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ. ಹೊರಗೆ ತೆಗೆದಿಟ್ಟರೂ ಆ ವಾಸನೆ ಪೂರ್ತಿ ಮರಳುವುದಿಲ್ಲ.

ದೀಪಾವಳಿಗೆ ಎಂಟು ದಿನ ಮುಂಚೆ ಆ ಹೆಣ್ಣುಮಗಳು ಅದೇ ಸಂತೆಯಲ್ಲಿ ಮತ್ತೆ ಸಿಕ್ಕಳು. ಮೆಂತ್ಯೆಪಲ್ಯದ ಸಿವುಡು ಆರಿಸುತ್ತಿದ್ದಳು. ಗುರುತು ಹೇಳಿ ಕೇಳಿದೆ: "ಟಮಾಟಿ ಕೆಂಪಾದ್ವೇನ್ರಿ ಅಕ್ಕಾರ?"

"ಎಲ್ಲೀ ಕೆಂಪ್ರಿ! ದಸರಾ ಮುಗದ ಮ್ಯಾಲ ಕಾಯಿ ಹರಕೊಂಡ ಚಟ್ನಿ ಮಾಡಾಕತ್ತೇನಿ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಶೇಂಗಾ ಹಾಕಿ ಹುರದ ಕುಟ್ಟಿದ್ರ ರೊಟ್ಟಿಗೆ ಮತ್ತೇನ ಬೇಕ್ರಿ? ನಮ್ಮ ಮಂದಿ ಒಂದ ಕಾಯಿನೂ ಹಣ್ಣಾಗಾಕ ಬಿಡಂಗಿಲ್ಲ."

ಮನೆಗೆ ಬಂದು ನನ್ನ ಪೂಸಾ ರೂಬಿಯ ಕೆಳಗೊಂಚಲು ನೋಡಿದೆ. ಐದು ಕಾಯಿ, ಹೆಗಲಿಗೆ ಇನ್ನೂ ದಟ್ಟ ಹಸಿರು. ಮೂರನ್ನು ಹರಿದುಕೊಂಡು ಒಳಗೆ ಹೋದೆ.